ಕಾಕಾನ ಚಿಮಣಿ ಮತ್ತು ಉಕ್ಕಿನ ಬಾಟಲಿ

ನಮ್ಮ ಕಾಕಾ ಮುಚ್ಚಿಟ್ಟ ಯಾವುದರ ಬಾಯನ್ನೂ ಎದುರಿಗೆ ನಿಂತು ತೆರೆದವರಲ್ಲ. ಉಪ್ಪಿನಕಾಯಿಯ ಭರಣಿಯಾದರೂ ಸರಿ, ಬೀಜದ ಡಬ್ಬಿಯಾದರೂ ಸರಿ, ಒಂದು ಮಗ್ಗುಲಿಗೆ ಸರಿದು ನಿಂತು ಮುಚ್ಚಳ ಸಡಿಲಿಸುವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಳಗೆ ನೋಡುವರು. ಅವರ ಹೆಂಡತಿ, ನಮ್ಮ ಚಿಗವ್ವ, ಒಲೆಯ ಮುಂದಿನಿಂದಲೇ, "ಅದು ಮಾವಿನಕಾಯಿ ಐತ್ರಿ, ಹಾವಲ್ಲ" ಎಂದು ನಗುವಳು. ಕಾಕಾ ಮಾತ್ರ ನಗುತ್ತಿರಲಿಲ್ಲ.

ಕಾರಣ ಹಗೇವು. ನಮ್ಮೂರು ನವಲಗುಂದದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಸುತ್ತ ಎಲ್ಲ ಕಪ್ಪು ಎರೆಭೂಮಿ. ಊರು ಮಾತ್ರ ಗಟ್ಟಿ ಗರಸಿನ ದಿಬ್ಬದ ಮೇಲಿದೆ. ಆ ಗರಸಿನಲ್ಲಿ ಹಿರಿಯರು ಜೋಳ ಇಡಲು ಕೋಣೆಯಷ್ಟು ದೊಡ್ಡ ಗುಂಡಿಗಳನ್ನು ತೋಡಿದ್ದರು. ಅವೇ ಹಗೇವುಗಳು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ದೊಡ್ಡದು. ಒಳಗೋಡೆಗೆ ಜೋಳದ ದಂಟು ಹೊಂದಿಸಿ, ಕಾಳು ಸುರಿದು, ಮೇಲೆ ಹೊಟ್ಟು ಹರಡಿ, ಕಲ್ಲುಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷವಾದರೂ ಹುಳ ಬೀಳುವುದಿಲ್ಲ. ಹುಳ ಬೀಳದಿರುವುದಕ್ಕೂ, ಅವಸರದಲ್ಲಿ ಇಳಿದ ಮನುಷ್ಯ ಸಾಯುವುದಕ್ಕೂ ಕಾರಣ ಒಂದೇ. ಕಾಳು ಒಳಗೆ ಉಸಿರಾಡುತ್ತದೆ. ಇದ್ದ ಒಳ್ಳೆಯ ಗಾಳಿಯನ್ನು ಅದೇ ಮುಗಿಸಿ, ಭಾರವಾದ ಕೆಟ್ಟ ಗಾಳಿಯನ್ನು ಬಿಟ್ಟಿರುತ್ತದೆ.

ನಮ್ಮ ದೊಡ್ಡಪ್ಪ ಹಾಗೆ ಹೋದವರು. ನಾನು ಅವರನ್ನು ನೋಡಿಲ್ಲ. ಅಂದು ಕಾಕಾಗೆ ಇನ್ನೂ ಮೀಸೆ ಬಂದಿರಲಿಲ್ಲವಂತೆ. ಹಗೇವಿನ ಬಾಯಿಗೆ ಕೂತು ಬುಟ್ಟಿಯ ಹಗ್ಗ ಹಿಡಿದಿದ್ದರು. ಬುಟ್ಟಿ ತುಂಬಿ ಬರಲಿಲ್ಲ. ಇದಕ್ಕಿಂತ ಹೆಚ್ಚಾಗಿ ಅವರು ನನಗೆ ಎಂದೂ ಹೇಳಲಿಲ್ಲ; ನಾನೂ ಕೇಳಲಿಲ್ಲ. ಆದರೆ ಅಂದಿನಿಂದ ಊರಿನಲ್ಲಿ ಯಾರ ಹಗೇವು ತೆಗೆದರೂ ಕಾಕಾ ಅಲ್ಲಿರಬೇಕು ಎಂಬ ಪದ್ಧತಿ ಆಯಿತು. ಅವರದೊಂದು ಕ್ರಮವಿತ್ತು. ಚಪ್ಪಡಿ ಸರಿಸಿ ಒಂದಿಡೀ ದಿನ ಬಿಡುವುದು. ಮರುದಿನ ಕಂಬಳಿಯಿಂದ ಬೀಸಿ ಗಾಳಿ ಆಡಿಸುವುದು. ಆಮೇಲೆ ಬಕೀಟಿನಲ್ಲಿ ಹಚ್ಚಿದ ಚಿಮಣಿ ಇಟ್ಟು ಕೆಳಗೆ ಬಿಡುವುದು. ಆ ಸಣ್ಣ ಸೀಮೆಎಣ್ಣೆಯ ದೀಪ ಆರಿದರೆ ಇನ್ನೊಂದು ದಿನ ಕಾಯಬೇಕು. ನಿಂತರೆ ಕಾಕಾ ಬಾಯಿಯ ಮೇಲೆ ಅಂಗೈ ಚಾಚಿ ಒಳಗಿನ ಕಾವು ನೋಡುವರು. ಕೊನೆಗೆ "ಇಳೀರಿ" ಎನ್ನುವರು. ಆ ಒಂದು ಮಾತು ಬರುವವರೆಗೆ ಯಾರೂ ಕಾಲು ಕೆಳಗಿಡುತ್ತಿರಲಿಲ್ಲ. ಕಾಕಾ ಆ ಮಾತನ್ನು ಹೇಳಲಾರದೆ ಕೂತ ಒಂದು ಮುಂಜಾನೆಯ ಕಥೆ ಇದು. ಅದಕ್ಕೆ ಕಾರಣ ನಾನು.

ನಾನು ಕಾಕಾ-ಚಿಗವ್ವರ ಮನೆಯಲ್ಲೇ ಬೆಳೆದವನು. ಎಂಬತ್ತರ ದಶಕದ ನಡುವಿನಲ್ಲಿ ದೂರದ ಊರಿನ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆಯ ವಿದ್ಯಾರ್ಥಿಯಾಗಿದ್ದೆ. ಲೋಹದಲ್ಲಿ ಹೈಡ್ರೋಜನ್ ಇಡುವುದು ನನ್ನ ವಿಷಯ. ಲ್ಯಾಂಥನಮ್ ಮತ್ತು ನಿಕಲ್ ಕೂಡಿಸಿ ಕರಗಿಸಿದ ಒಂದು ಮಿಶ್ರಲೋಹವಿದೆ. ಅದರ ಪುಡಿಗೆ ಹೈಡ್ರೋಜನ್ ಒತ್ತಿ ಕೊಟ್ಟರೆ, ಎರೆಮಣ್ಣು ಮೊದಲ ಮಳೆ ಕುಡಿದಂತೆ ಕುಡಿಯುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಪುಡಿಯೊಳಗೆ ಕೊಡಗಟ್ಟಲೆ ಅನಿಲ ಅಡಗುತ್ತದೆ.

ನಾನು ರಜೆಗೆ ಬಂದಾಗಲೆಲ್ಲ ಕಾಕಾ ಕೇಳುವರು: "ಅಲ್ಲಲೇ ತಮ್ಮಾ, ನೀ ಅಲ್ಲಿ ಮಾಡೂದರ ಏನು? ಮಂದಿ ಕೇಳ್ತಾರ, ನನಗ ಹೇಳಾಕ ಬರೂದಿಲ್ಲ."

"ಲೋಹದಾಗ ಗಾಳಿ ತುಂಬತೇವ್ರಿ ಕಾಕಾ."

"ಬಾಟ್ಲಿಯೊಳಗ?"

"ಬಾಟ್ಲಿಯೊಳಗಿನ ಲೋಹದಾಗ. ಕಾಳಿನೊಳಗ ಇನ್ನೊಂದು ಕಾಳು ಸೇರಿಸಿದಂಗ."

"ಸೇರಿಸಿ?"

"ಬೇಕಾದಾಗ ತಗೀತೇವಿ."

ಕಾಕಾ ಸ್ವಲ್ಪ ಯೋಚಿಸಿ, "ಹಗೇವು" ಎಂದರು. ಆ ಮೇಲೆ ಊರಿನಲ್ಲಿ ಕೇಳಿದವರಿಗೆಲ್ಲ, "ನಮ್ಮ ಹುಡುಗ ಗಾಳಿಗೆ ಹಗೇವು ಕಟ್ಟತಾನ" ಎಂದು ಹೇಳುತ್ತಿದ್ದರಂತೆ. ನನಗೆ ಆ ಮಾತು ತುಂಬ ಹಿಡಿಸಿತ್ತು. ಅದೇ ಖುಷಿಯಲ್ಲಿ ಒಂದು ಬೇಸಿಗೆ ನಾನು ಮಾಡಬಾರದ ಕೆಲಸ ಮಾಡಿದೆ. ತಂಬಿಗೆಗಿಂತ ಸಣ್ಣದಾದ ಒಂದು ಉಕ್ಕಿನ ಬಾಟಲಿಯನ್ನು, ಒಳಗೆ ಪುಡಿ, ಪುಡಿಯೊಳಗೆ ಹೈಡ್ರೋಜನ್, ತಲೆಯ ಮೇಲೆ ಸಣ್ಣ ವಾಲ್ವು ಮತ್ತು ಮೂತಿ ಇದ್ದದ್ದನ್ನು, ನಮ್ಮ ಗುರುಗಳನ್ನು ಕೇಳದೆ ಊರಿಗೆ ತಂದೆ. ಬಿಸಿಲಿಗೆ ಕಾಯದಿರಲಿ ಎಂದು ಒದ್ದೆ ಪಂಜೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದ ಅಜ್ಜಿಯೊಬ್ಬಳು, "ತುಪ್ಪ ಏನಪಾ? ಕರಗತೈತೇನು?" ಎಂದು ಕೇಳಿದಳು. ಹೌದು ಎಂದೆ.

ಅಂದು ಸಂಜೆ ಬಚ್ಚಲಿನಲ್ಲಿ ಕಾಕಾಗೆ ತೋರಿಸಿದೆ. ಮೂತಿಗೆ ರಬ್ಬರಿನ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಬಾಟಲಿಯನ್ನು ಹಂಡೆಯ ಬಿಸಿನೀರು ತುಂಬಿದ ಬೋಗುಣಿಯಲ್ಲಿಟ್ಟು ವಾಲ್ವನ್ನು ಒಂದು ಎಳ್ಳಷ್ಟು ತೆರೆದೆ. ಗುಳ್ಳೆಗಳು ಬುಳುಬುಳು ಎದ್ದವು. ನೀರು ಬಿಟ್ಟು, ನೇರ ಮೇಲೆ, ಜಂತಿಯವರೆಗೆ ಹೋಗಿ ಒಡೆದವು. ಚಿಗವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಬಾಟಲಿಯನ್ನು ತೆಗೆದು ಕುಡಿಯುವ ನೀರಿನ ಮಣ್ಣಿನ ಹರವಿಯ ತಣ್ಣೀರಿಗೆ ಇಟ್ಟೆ. ಗುಳ್ಳೆ ತಡವರಿಸಿ, ಬಲು ನಿಧಾನವಾಯಿತು.

"ಇದು ಯಾಕಲೇ?" ಎಂದರು ಕಾಕಾ.

ನಾನು ಹೇಳಿದ್ದನ್ನು ಇಲ್ಲಿ ನೆಟ್ಟಗೆ ಬರೆಯಬೇಕು. ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಲೋಹ ಹೈಡ್ರೋಜನ್ನನ್ನು ಒಳಗೆ ತೆಗೆದುಕೊಳ್ಳುವಾಗ ಶಾಖ ಬಿಡುತ್ತದೆ; ಬಾಟಲಿ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಪ್ರಯೋಗಶಾಲೆಯಲ್ಲಿ ತುಂಬುವಾಗ ಸುತ್ತ ನೀರು ಹರಿಸುತ್ತೇವೆ. ಆ ಶಾಖವನ್ನು ಯಾರೂ ಒಯ್ಯದಿದ್ದರೆ ಲೋಹ ಕುಡಿಯುವುದನ್ನು ನಿಲ್ಲಿಸುತ್ತದೆ. ಹೊರಗೆ ಬಿಡುವಾಗ ಲೆಕ್ಕ ತಿರುಗುಮುರುಗು. ಬಿಟ್ಟಷ್ಟು ಹೈಡ್ರೋಜನ್ನಿಗೆ ಅಷ್ಟೇ ಶಾಖವನ್ನು ಅದಕ್ಕೆ ಮರಳಿ ಕೊಡಬೇಕು. ಯಾರೂ ಕೊಡದಿದ್ದರೆ ತನ್ನ ಮೈಯಿಂದಲೇ ಕಿತ್ತುಕೊಂಡು ತಣ್ಣಗಾಗುತ್ತದೆ. ಒಳಗಿನ ಒತ್ತಡವನ್ನು ನಿರ್ಧರಿಸುವುದು ಎಷ್ಟು ತುಂಬಿದೆ ಎಂಬುದಲ್ಲ, ಎಷ್ಟು ಬಿಸಿ ಇದೆ ಎಂಬುದು. ಅರ್ಧ ತುಂಬಿರಲಿ, ಮುಕ್ಕಾಲು ತುಂಬಿರಲಿ, ಉಷ್ಣತೆ ಅಷ್ಟೇ ಇದ್ದರೆ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಆ ಸಮತಟ್ಟಾದ ಗೆರೆಯನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆಯುವುದರಲ್ಲೇ ನನ್ನ ಮೂರು ವರ್ಷ ಹೋಗಿದ್ದವು.

ನಾನು ವಾಲ್ವು ಮುಚ್ಚಿ ಕೊಳವೆ ಕಿತ್ತ ಮೇಲೆ ಕಾಕಾ ತಣ್ಣಗಾದ ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಕಾಳು ಉಸಿರು ಬಿಟ್ರ ಕಾವು ಏರತೈತಿ. ನಿನ್ನ ಲೋಹ ಉಸಿರು ಬಿಟ್ರ ತಂಪಾಗತೈತಿ. ಉಲ್ಟಾ ಐತಲ್ಲೋ!"

ಉರಿಯುವ ಅನಿಲ ಎಂದು ನಾನು ಹೇಳಿದ್ದೆನೇ? ಹೇಳಿದ್ದೆ. "ಬೆಂಕಿ ದೂರ ಇಡಬೇಕ್ರಿ" ಎಂದಿದ್ದೆ, ನೆನಪಿದೆ. ಆದರೆ ಅದನ್ನು ಗುಳ್ಳೆಗಳ ಸಂಭ್ರಮದ ನಡುವೆ, ಚಿಗವ್ವನ ಕಡೆ ತಿರುಗಿ, ಅವಳು ಒಲೆಗೆ ಕುಳ್ಳು ಹಾಕುತ್ತಿದ್ದುದನ್ನು ನೋಡಿ ಹೇಳಿದೆ. ಒಲೆಯಿಂದ ದೂರ ಎಂದು ಅವರಿಬ್ಬರೂ ತಿಳಿದರು. ಚಿಮಣಿಯಿಂದ ದೂರ ಎಂದು ನಾನು ಹೇಳಲಿಲ್ಲ. ಕಾಕಾಗೆ ಚಿಮಣಿ ಬೆಂಕಿಯಾಗಿರಲಿಲ್ಲ. ಅದು ಕಣ್ಣಾಗಿತ್ತು.

ಮರುದಿನ ಬೆಳಿಗ್ಗೆ ಬಾಜೂಮನಿಯ ಯಜಮಾನರು ಬಂದರು. ಕಾಕಾನ ಜೊತೆ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವರು. ನಾನು ಮಾವ ಎಂದು ಕರೆಯುತ್ತಿದ್ದೆ. ಅವರ ಮಗಳ ಮದುವೆ ಹತ್ತಿರ ಬಂದಿತ್ತು. ಮದುವೆಯ ರೊಟ್ಟಿಗೆ ಹಗೇವಿನ ಜೋಳ ತೆಗೆಯಬೇಕು, ಯಾವಾಗ ಚಪ್ಪಡಿ ಸರಿಸೋಣ ಎಂದು ಕೇಳಲು ಬಂದಿದ್ದರು. ಕಾಕಾ ದಿನ ಹೇಳಿದರು. ಆಮೇಲೆ ಸುಮ್ಮನಿರಲಾಗಲಿಲ್ಲ. "ಬಾರಲೇ ಇಲ್ಲೆ, ನಮ್ಮ ಹುಡುಗನ ಹಗೇವು ತೋರಸ್ತೇನಿ" ಎಂದು ಬಾಟಲಿಯನ್ನು ಹಿತ್ತಲಿನ ಕಟ್ಟೆಯ ಮೇಲೆ, ಬಿಸಿಲಿನಲ್ಲಿ ತಂದಿಟ್ಟರು. ನಾನು ಬಚ್ಚಲಿನಲ್ಲಿ ಮೈಗೆ ನೀರು ಹಾಕಿಕೊಳ್ಳುತ್ತಿದ್ದೆ.

ಮುಂದಿನ ನಾಲ್ಕು ಮಾತು ನಾನು ಕಂಡದ್ದಲ್ಲ. ಮಾವ ಆಮೇಲೆ ಹೇಳಿದ್ದು. ಕಾಕಾ ಚಿಮಣಿ ಹಚ್ಚಿ ತಂದರು. ಒಂದು ಮಗ್ಗುಲಿಗೆ ಸರಿದು ನಿಂತರು. ಚಿಮಣಿಯನ್ನು ಬಾಟಲಿಯ ಮೂತಿಯ ಹತ್ತಿರ ಹಿಡಿದು, ಇನ್ನೊಂದು ಕೈಯಿಂದ ವಾಲ್ವು ತಿರುಗಿಸಿದರು. ಟಪ್ ಎಂದು ಒಂದು ಸಣ್ಣ ಸದ್ದಾಯಿತು. ಇಬ್ಬರೂ ಅದನ್ನು ಮುಚ್ಚಳ ಬಿಟ್ಟ ಸದ್ದೆಂದುಕೊಂಡರು. ಕಾಕಾ ಚಿಮಣಿಯನ್ನು ಹಿಂದಕ್ಕೆ ತಂದು ನೋಡಿದರು. ಆರಿರಲಿಲ್ಲ. ನೆಟ್ಟಗೆ ಉರಿಯುತ್ತಿತ್ತು.

"ದೀಪ ನಿಂತತಿ. ಗಾಳಿ ಚೊಲೋ ಐತಿ" ಎಂದು ಹೇಳಿ, ಕಾವು ನೋಡಲು ಬಾಯಿಯ ಮೇಲೆ ಬಲ ಅಂಗೈ ಚಾಚಿದರು.

ಹೈಡ್ರೋಜನ್ನಿನ ಉರಿ ಬಿಸಿಲಿನಲ್ಲಿ ಕಾಣುವುದಿಲ್ಲ. ಹೊಗೆ ಇಲ್ಲ, ಬಣ್ಣ ಇಲ್ಲ. ಪಕ್ಕದಲ್ಲಿ ನಿಂತವನಿಗೆ ಝಳವೂ ತಾಗುವುದಿಲ್ಲ. ಕೈ ಒಳಗೆ ಹೋದಾಗಲೇ ಗೊತ್ತಾಗುತ್ತದೆ.

ಕಾಕಾ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಅದಾದ ಮೇಲೂ ಕೇಳಲಿಲ್ಲ. ಒದ್ದೆ ಮೈಯಲ್ಲೇ ಹೊರಗೆ ಓಡಿದೆ. ಕಾಕಾ ಬಲಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಮಾವ, "ಏನೂ ಇಲ್ಲಲೇ, ಏನಾತು, ಏನೂ ಕಾಣವಲ್ದು" ಎನ್ನುತ್ತ ಬಾಟಲಿಯನ್ನು ಎತ್ತಿ ಬಿಸಾಡಲು ಕೈ ನೀಡುತ್ತಿದ್ದರು.

"ಮುಟ್ಟಬ್ಯಾಡ್ರಿ ಮಾವ! ಉರಿಯಾಕ ಹತ್ತೇತಿ!"

"ಎಲ್ಲೈತಿ ಉರಿ?"

ಬಣವೆಯಿಂದ ಒಂದು ಜೋಳದ ದಂಟು ಎಳೆದು ಮೂತಿಯ ಮೇಲೆ ಖಾಲಿ ಗಾಳಿಗೆ ಚಾಚಿದೆ. ಗೇಣು ಎತ್ತರದಲ್ಲೇ ದಂಟಿನ ತುದಿ ಹೊತ್ತಿಕೊಂಡಿತು. ಮಾವ ಎರಡು ಹೆಜ್ಜೆ ಹಿಂದೆ ಹೋಗಿ ಬಣವೆಗೆ ಬೆನ್ನು ತಾಗಿಸಿ ನಿಂತರು.

ಅಷ್ಟರಲ್ಲಿ ಚಿಗವ್ವ ಬಂದಳು. ನನ್ನ ಸ್ನಾನಕ್ಕೆ ತೋಡಿಟ್ಟಿದ್ದ ಬಿಸಿನೀರಿನ ಕೊಡವನ್ನೇ ಎತ್ತಿಕೊಂಡು ಬಂದಿದ್ದಳು. ಬೆಂಕಿ ಎಂದರೆ ನೀರು. ಕೈಗೆ ಸಿಕ್ಕದ್ದು ಆ ನೀರು.

"ಹಾಕಬ್ಯಾಡ ಚಿಗವ್ವ!"

"ನೀರಲೇ!"

"ಬಿಸಿನೀರು ಹಾಕಿದ್ರ ಇನ್ನೂ ಹೆಚ್ಚಾಕ್ಕೈತಿ! ತಂಪಾಗೂಮಟ ತಡಿ, ತಾನ ಆರತೈತಿ!"

ಅವಳು ನನ್ನ ಮುಖ ನೋಡಿದಳು. ಉರಿಯುವುದಕ್ಕೆ ನೀರು ಹಾಕಬೇಡ, ತಾನೇ ತಂಪಾಗುತ್ತದೆ ಎನ್ನುವವನನ್ನು ಯಾರು ನಂಬುವರು? ಆದರೂ ಕೊಡ ಕೆಳಗಿಟ್ಟಳು. ಆ ಕೊಡ ಕೆಳಗಿಟ್ಟ ಸದ್ದು ನನಗೆ ಈಗಲೂ ನೆನಪಿದೆ. ಅಷ್ಟು ದೊಡ್ಡ ನಂಬಿಕೆಯನ್ನು ಅಷ್ಟು ಸಣ್ಣ ಸದ್ದಿನಲ್ಲಿ ಯಾರೂ ನನಗೆ ಕೊಟ್ಟಿಲ್ಲ.

ನಾವು ನಿಂತೆವು. ನಾನು ದಂಟು ಚಾಚುತ್ತಿದ್ದೆ. ಬಾಟಲಿಯ ಹೊಟ್ಟೆ ಮೊದಲು ಮಬ್ಬಾಯಿತು. ನವಲಗುಂದದ ಬೇಸಿಗೆಯ ಬಿಸಿಲಿನಲ್ಲಿ, ತಲೆಯ ಮೇಲೆ ಉರಿ ಇಟ್ಟುಕೊಂಡ ಆ ಉಕ್ಕಿನ ಮೇಲೆ ಇಬ್ಬನಿ ಕಟ್ಟಿ, ಹನಿಯಾಗಿ ಕಟ್ಟೆಯ ಕಲ್ಲಿಗೆ ಇಳಿಯಿತು. ಎರಡನೆಯ ದಂಟು ನಾಲ್ಕು ಬೆರಳಿನ ಎತ್ತರದಲ್ಲಿ ಹೊತ್ತಿತು. ಮುಂದಿನದು ಎರಡು ಬೆರಳಿನಲ್ಲಿ. ಲೋಹ ಬಿಟ್ಟಷ್ಟೂ ತಣ್ಣಗಾಗುತ್ತಿತ್ತು. ತಣ್ಣಗಾದಷ್ಟೂ ಒತ್ತಡ ಇಳಿಯುತ್ತಿತ್ತು. ಒತ್ತಡ ಇಳಿದಷ್ಟೂ ಬಿಡುವುದು ಕಡಿಮೆಯಾಗುತ್ತಿತ್ತು. ಕಾಗದದ ಮೇಲೆ ನಾನು ನೂರು ಸಲ ಎಳೆದ ಗೆರೆ ಅದು. ಕೊನೆಗೆ ಒಂದು ದಂಟು ಮೂತಿಗೆ ಮುಟ್ಟಿದರೂ ಹೊತ್ತಲಿಲ್ಲ.

ಬಾಟಲಿ ಖಾಲಿಯಾಗಿರಲಿಲ್ಲ. ಬರೇ ತಣ್ಣಗಾಗಿತ್ತು. ಬಿಸಿಲಿಗೆ ಕಾದರೆ ಮತ್ತೆ ಬಿಡತೊಡಗುತ್ತಿತ್ತು. ಒದ್ದೆ ಪಂಜೆ ಕೈಗೆ ಸುತ್ತಿಕೊಂಡು ಹೋಗಿ ವಾಲ್ವು ಮುಚ್ಚಿದೆ.

ಅದೇ ಒದ್ದೆ ಪಂಜೆ ಸುತ್ತಿಕೊಂಡು ಮೊದಲೇ ಮುಚ್ಚಬಹುದಿತ್ತು. ಹಿಡಿಕೆ ಪಕ್ಕಕ್ಕಿತ್ತು, ಉರಿ ಮೇಲಕ್ಕಿತ್ತು. ಅಂದು ನನ್ನ ಶಾಸ್ತ್ರ ನಿಜವಾಯಿತು, ಸರಿ. ಆದರೆ ನನ್ನನ್ನು ಅಲ್ಲೇ ನಿಲ್ಲಿಸಿದ್ದು ಶಾಸ್ತ್ರವೋ ಹೆದರಿಕೆಯೋ ಎಂದು ಕೇಳಿದರೆ, ಹೆದರಿಕೆಯೇ ಮೊದಲು ಬಂದಿತ್ತು ಎಂದು ಹೇಳಬೇಕು.

ನವಲಗುಂದದ ದವಾಖಾನೆಯಲ್ಲಿ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಬೆರಳುಗಳು ಉಳಿದವು; ಅಂಗೈಯ ಚರ್ಮ ಹೋಗಿತ್ತು. ಬಸ್ಸಿನಲ್ಲಿ ಮರಳಿ ಬರುವಾಗ ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊರು ಬರುವ ಹೊತ್ತಿಗೆ ಒಂದೇ ಮಾತು ಹೇಳಿದರು.

"ದೀಪ ಸುಳ್ಳು ಹೇಳ್ತಲೇ."

ನನಗೆ ಆಗಲೇ ತಿಳಿಯಿತು, ಸುಟ್ಟದ್ದು ಕೈ ಮಾತ್ರ ಅಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಒಂದು ದೀಪದ ಮಾತು ನಂಬಿ ಜನರನ್ನು ನೆಲದೊಳಗೆ ಇಳಿಸಿದ್ದರು. ದೀಪ ಆರಿದರೆ ಸಾವು, ನಿಂತರೆ ಜೀವ. ಈಗ ದೀಪ ನಿಂತೂ ಕೈ ಸುಟ್ಟಿತ್ತು. ಹಾಗಾದರೆ ಮುಂದಿನ ಹಗೇವಿನಲ್ಲಿ ಯಾವ ಬಾಯಿಂದ "ಇಳೀರಿ" ಎನ್ನುವುದು?

ಊರಿನವರು ತಮಾಷೆಗೆ ಇಳಿದಿದ್ದರು. "ಯಜಮಾನ್ರ, ನಮ್ಮ ಹಗೇವಿಗೆ ದೀಪಾ ಬಿಡಬ್ಯಾಡ್ರಿ, ಮದುವಿ ಜ್ವಾಳ ಅಳ್ಳು ಸಿಡದಂಗ ಹಾರೀತು" ಎಂದ ಮಾವನ ದೊಡ್ಡ ಮಗ. ಮದುವೆಯ ಓಡಾಟದಲ್ಲಿ ಬೇಸತ್ತ ಮನುಷ್ಯ, ಇಳಿಯಬೇಕಾದವನೂ ಅವನೇ. ಮಾವ, "ಬಾಯಿ ಮುಚ್ಚಲೇ" ಎಂದು ಗದರಿಸಿದರು, ಆದರೆ ತಾವೂ ಸ್ವಲ್ಪ ನಕ್ಕರು. ಕಾಕಾ ಮನೆಯಲ್ಲಿ ಎಡಗೈಯಿಂದ ರೊಟ್ಟಿ ಮುರಿಯಲು ಬಾರದೆ ಒದ್ದಾಡುವರು. ಚಿಗವ್ವ ಮುರಿದು ತಟ್ಟೆಗೆ ಹಾಕಿದರೆ, "ನಾ ಏನು ಕೂಸೇನು?" ಎನ್ನುವರು. "ಕೂಸಾದ್ರ ಬೆಂಕಿಗೆ ಕೈ ಹಾಕತಿರಲಿಲ್ಲ" ಎಂದು ಅವಳು ಇನ್ನೊಂದು ತುತ್ತು ಮುರಿಯುವಳು. ಆಗ ಮಾತ್ರ ಅವರ ಮುಖ ತುಸು ಸಡಿಲಾಗುತ್ತಿತ್ತು.

ಗೊತ್ತುಮಾಡಿದ ದಿನ ಚಪ್ಪಡಿ ಸರಿಸಿದರು. ಒಂದು ದಿನ ಬಿಟ್ಟರು. ಮರುದಿನ ಮುಂಜಾನೆ ಕಂಬಳಿ ಬೀಸಿ, ಬಕೀಟಿನಲ್ಲಿ ಚಿಮಣಿ ಇಳಿಸಿದರು. ಕಾಕಾ ಬಾಯಿಯ ಮಗ್ಗುಲಿಗೆ ಕೂತು ಕೆಳಗೆ ನೋಡಿದರು. ದೀಪ ಅಲುಗಾಡದೆ ನಿಂತಿತ್ತು. ಎಲ್ಲರೂ ಕಾದರು. ಕಾಕಾನ ಬಾಯಿಂದ "ಇಳೀರಿ" ಬರಲಿಲ್ಲ.

"ದೀಪ ನಿಂತತ್ರೀ" ಎಂದ ಮಾವನ ಮಗ, ಅಂಗಿ ಬಿಚ್ಚುತ್ತ.

"ಅದು ಬಾಟ್ಲಿ ಮ್ಯಾಲೂ ನಿಂತಿತ್ತು" ಎಂದರು ಕಾಕಾ.

"ಹಂಗಂತ ಮದುವಿಗೆ ಅನ್ನ ಅಷ್ಟ ನೀಡೂದೇನ್ರಿ? ನಾ ಇಳೀತೇನಿ."

"ನಾ ಹೇಳೂತನಕ ಇಳೀಬ್ಯಾಡ."

"ಮತ್ತ ಹೇಳ್ರಲಾ!"

ಕಾಕಾ ನನ್ನ ಕಡೆ ತಿರುಗಿದರು. ಅಷ್ಟು ಜನರ ಮುಂದೆ ಅವರು ನನ್ನನ್ನು ಕೇಳಿದ್ದು ಅದೇ ಮೊದಲು.

"ತಮ್ಮಾ, ನೀ ಕಲಿತಾಂವ. ಸುಳ್ಳು ಹೇಳಬ್ಯಾಡ. ಇದರಾಗೂ ನಿನ್ನ ಗಾಳಿ ಇರತೈತೇನು?"

"ಇಲ್ರಿ ಕಾಕಾ. ಇದರಾಗಿರೂದು ಕಾಳು ಬಿಟ್ಟ ಗಾಳಿ. ಅದು ಉರಿಯೂದಿಲ್ಲ, ಉರಿ ಆರಸತೈತಿ. ಮನುಷ್ಯಾ ಬೀಳೂಕಿಂತ ಮೊದಲ ದೀಪ ಆರತೈತಿ. ನಿಮ್ಮ ದೀಪ ಹಗೇವಿನಾಗ ಸುಳ್ಳು ಹೇಳೂದಿಲ್ಲ."

"ಹಂಗಾರ ದೀಪ ನಿಂತ ಹಗೇವಿನಾಗ ಮನುಷ್ಯಾ ಸಾಯೂದ ಇಲ್ಲ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ಮಾತು ಅವರಿಗೆ ಮರಳಿ ಸಿಗುತ್ತಿತ್ತು. ಮದುವೆಯ ಜೋಳ ಮೇಲೆ ಬರುತ್ತಿತ್ತು. ಆದರೆ ಹಿತ್ತಲಿನಲ್ಲಿ ನಾನು ಅರ್ಧ ಹೇಳಿ ಅರ್ಧ ಬಿಟ್ಟದ್ದಕ್ಕೆ ಅವರ ಕೈಗೆ ಬಟ್ಟೆ ಸುತ್ತಿತ್ತು.

"ಸಾಯಬಹುದ್ರಿ" ಎಂದೆ. "ದೀಪ ಅದು ನಿಂತ ಜಾಗಾದ್ದು, ಆ ಹೊತ್ತಿಂದು ಅಷ್ಟ ಹೇಳತೈತಿ. ಮೂಲ್ಯಾಗ ಬ್ಯಾರೆ ಇರಬಹುದು. ಇಳದು ಕಾಳು ಕೆದರಿದ್ರ ಕಾಳಿನ ಸಂದಿಯೊಳಗಿನ ಗಾಳಿ ಆಮ್ಯಾಲೆ ಏಳಬಹುದು. ನನ್ನ ಬಾಟ್ಲಿ ಬಿಟ್ಟಷ್ಟೂ ತಂಪಾಗಿ ತನ್ನ ಬಾಯಿ ತಾನ ಮುಚ್ಚಿಕೊಂತು. ಕಾಳು ಹಂಗಲ್ಲ. ಕಾವೇರಿದಷ್ಟೂ ಹೆಚ್ಚು ಉಸಿರಾಡತೈತಿ, ಉಸಿರಾಡಿದಷ್ಟೂ ಕಾವೇರತೈತಿ. ಇದಕ್ಕ ತಡಿಯಾವ್ರು ಇಲ್ಲ."

ಮಾವನ ಮಗ ಅಂಗಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಕಾಕಾ ಬಹಳ ಹೊತ್ತು ಕೆಳಗಿನ ದೀಪವನ್ನೇ ನೋಡುತ್ತಿದ್ದರು. ಆಮೇಲೆ ಅವರ ಕಣ್ಣಿನಲ್ಲಿ ಕೆಲಸದ ಲಕ್ಷಣ ಕಂಡಿತು.

"ದೀಪಕ್ಕ ಬಾಯಿಲ್ಲ" ಎಂದರು. "ಮನುಷ್ಯಾಗ ಐತಿ. ಹಗ್ಗ ತರ್ರಿ. ನಡಕ್ಕ ಕಟ್ಟೂಣು. ಇಳದಾಂವ ಬಾಯಿ ಬಿಡಕೋಂತ ಇರಬೇಕು. ಬಾಯಿ ನಿಂತ್ರ ಎಳಕೊಳ್ಳೂದು."

"ಏನಂತ ಬಾಯಿ ಬಿಡೂದು?" ಎಂದರು ಮಾವ. "ಹಾಡು ಹಾಡ್ಲೇನು?"

"ಹಾಡು ನಿದ್ದಿಗಣ್ಣಾಗೂ ಬರತೈತಿ. ತಲಿ ನೆಟ್ಟಗಿದ್ರ ಮಾತ್ರ ಬರೂದು ಹೇಳಬೇಕು. ಮಗ್ಗಿ ಹೇಳಬೇಕು."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು ನಮ್ಮ ಕಡೆ ಗಂಡಸರಿಗೆ ಮರ್ಯಾದೆಯ ಮಾತಲ್ಲ. ಮಾವನ ಮಗ ಹಗ್ಗವನ್ನು ನೋಡಿ ಆ ಕಡೆ ಈ ಕಡೆ ನೋಡಿದ. ನಾನು ಅಂಗಿ ಬಿಚ್ಚಿದೆ. "ಹೇಳಿದಾಂವ ನಾ. ಮೊದಲ ನಾ ಇಳೀತೇನ್ರಿ" ಎಂದೆ.

ಕಾಕಾ ಬೇಡ ಎನ್ನುವರೆಂದುಕೊಂಡಿದ್ದೆ. ಅವರು ಅನ್ನಲಿಲ್ಲ. ಎಡಗೈಯಿಂದಲೇ ಗಂಟು ಜಗ್ಗಿ ನೋಡಿ, ಸಾಲದೆ ಮಾವನಿಂದ ಇನ್ನೊಮ್ಮೆ ಕಟ್ಟಿಸಿದರು. ಹಗ್ಗವನ್ನು ಮಾವ, ಮಾವನ ಮಗ, ಎಲ್ಲರಿಗಿಂತ ಮುಂದೆ ಕಾಕಾ ಹಿಡಿದರು.

"ಎಷ್ಟರ ಮಗ್ಗಿ ಹೇಳ್ಲಿ?"

"ಹನ್ನೆರಡರದು ಬ್ಯಾಡ, ಅದನ್ನ ನನ್ನ ಎತ್ತೂ ಹೇಳತೈತಿ. ಹದಿನೇಳರದು ಹೇಳು."

ಬೇರೆ ಯಾವುದೋ ಕಡೆ ನೋಡುತ್ತ, ಕಾಕಾ ಮೆಲ್ಲಗೆ "ಇಳಿ" ಎಂದರು.

ಇಳಿದೆ. ಗೋಡೆಯ ದಂಟು ಬೆನ್ನಿಗೆ ತರಚಿತು. ಕೆಳಗೆ ಕಾಳು ಮೊಣಕಾಲಿನವರೆಗೆ ಒಳಗೆ ತೆಗೆದುಕೊಂಡಿತು. ಬೆಚ್ಚಗಿತ್ತು, ಜ್ವರ ಬಿಡುತ್ತಿರುವ ಮೈಯಷ್ಟು. ಹುಳಿ ಹಿಟ್ಟಿನಂಥ ವಾಸನೆ. ತಲೆಯ ಮೇಲೆ ಬೆಳಕಿನ ಒಂದು ತಟ್ಟೆ, ಅದರಲ್ಲಿ ಮೂರು ತಲೆಗಳು. ಜೋರಾಗಿ ಶುರುಮಾಡಿದೆ: "ಹದಿನೇಳೊಂದ್ಲೆ ಹದಿನೇಳು! ಹದಿನೇಳೆರಡ್ಲೆ ಮೂವತ್ನಾಕು!" ಬುಟ್ಟಿಗೆ ಕಾಳು ತುಂಬುತ್ತ, ಕಾಲಿನಿಂದ ಮೂಲೆ ಕೆದರುತ್ತ, ಐದು, ಆರು, ಏಳು ದಾಟಿದೆ. "ಹದಿನೇಳೇಳ್ಲೆ ನೂರಾ ಹತ್ತೊಂಬತ್ತು!" ಮುಂದಿನದು ಬರಲಿಲ್ಲ. ಬಾಯಿ ತೆರೆದಿತ್ತು, ತಲೆ ನೆಟ್ಟಗಿತ್ತು, ಅಂಕಿ ಮಾತ್ರ ಇರಲಿಲ್ಲ. ಮೂರು ವರ್ಷ ಸಾಲುಸಾಲು ಅಂಕಿಗಳನ್ನೇ ಬರೆದವನಿಗೆ ಹದಿನೇಳೆಂಟ್ಲೆ ಎಷ್ಟೆಂದು ತೋಚಲಿಲ್ಲ. "ಹದಿನೇಳೆಂಟ್ಲೆ... ನೂರಾ ಇಪ್ಪ..."

ಹಗ್ಗ ಹೊಟ್ಟೆಗೆ ಬಿಗಿಯಿತು. ಕಾಲು ಕಾಳಿನಿಂದ ಕಿತ್ತು ಬಂತು. ಬುಟ್ಟಿ ಮಗುಚಿತು. "ಕಾಕಾ, ಏನಾಗಿಲ್ರಿ!" ಎಂದು ಕೂಗಿದೆ, ಯಾರೂ ಕೇಳಲಿಲ್ಲ. ಮೊಣಕೈ ಸುಲಿದು, ಕಿವಿಯಲ್ಲಿ ಹೊಟ್ಟು ತುಂಬಿ, ನಾನು ಬೆಳಕಿಗೆ ಬಂದು ಬಿದ್ದೆ.

ಕಾಕಾ ನನ್ನ ಮುಖದ ಮೇಲೆ ಬಾಗಿದ್ದರು. ಅವರು ಎರಡೂ ಕೈಯಿಂದ ಎಳೆದಿದ್ದರು. ಬಲಗೈಯ ಬಟ್ಟೆ ಬಿಚ್ಚಿ ಹಗ್ಗಕ್ಕೆ ಸುತ್ತಿಕೊಂಡಿತ್ತು. ಹಗ್ಗ ಅಲ್ಲಿ ಒದ್ದೆಯಾಗಿತ್ತು.

"ಉಸಿರು ಬರತೈತೇನು?"

"ಗಾಳಿ ಚೊಲೋ ಐತ್ರಿ ಕಾಕಾ. ನನಗ ಹದಿನೇಳರ ಮಗ್ಗಿ ಬರೂದಿಲ್ಲ."

ಮಾವ ಹಗ್ಗ ಬಿಟ್ಟು ನೆಲದ ಮೇಲೆ ಕೂತು, ಕಣ್ಣೊರೆಸಿಕೊಂಡು ನಗತೊಡಗಿದರು. "ಇವನಿಗೆ ಗಾಳಿ ಹಗೇವು ಕಟ್ಟಾಕ ಯಾರು ಕೊಟ್ರಲೇ!" ಚಿಗವ್ವ ಎಲ್ಲಿಂದಲೋ ಬಂದು ಕಾಕಾನ ಬಲಗೈ ಹಿಡಿದು, ಬಟ್ಟೆ ಮತ್ತೆ ಸುತ್ತುತ್ತ ಬೈಯುತ್ತಿದ್ದಳು, ಯಾರನ್ನು ಎಂದು ತಿಳಿಯುತ್ತಿರಲಿಲ್ಲ. ಕಾಕಾ ಅವಳಿಗೆ ಕೈ ಕೊಟ್ಟು ಕೂತು, ಮಾವನ ಮಗನ ಕಡೆ ನೋಡಿದರು.

"ನಿನಗ ಎಷ್ಟರ ಮಗ್ಗಿ ಬರತೈತಿ?"

"ಹದಿಮೂರರದು ಬರತೈತ್ರಿ."

"ಖರೇನ? ಇಲ್ಲೆ ಮ್ಯಾಲ ಒಮ್ಮೆ ಹೇಳು, ಕೇಳೂಣು."

ಅವನು ಕೈ ಕಟ್ಟಿಕೊಂಡು, ಶಾಲೆಯಲ್ಲಿ ನಿಂತಂತೆ ನಿಂತು, ಹತ್ತರವರೆಗೂ ಹೇಳಿದ. ತಪ್ಪಲಿಲ್ಲ. ಕಾಕಾ ನನ್ನ ಸೊಂಟದ ಹಗ್ಗ ಬಿಚ್ಚಿಸಿ ಅವನಿಗೆ ಕಟ್ಟಿಸಿದರು. ಗಂಟು ಜಗ್ಗಿ ನೋಡಿದರು. ಕೆಳಗಿನ ಚಿಮಣಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ "ಇಳಿ" ಎಂದರು.